ಸ್ವೆತ್ಲಾನಾ: ಕವಿತೆಯಲ್ಲಿ ಹುಟ್ಟಿ ಜನನ ದಾಖಲೆಗೆ ಬಂದ ಹೆಸರು

ರಷ್ಯನ್ ಹೆಣ್ಣುಮಕ್ಕಳ ಹೆಸರು ನಾಲ್ಕು ಹೇಳಿ ಅಂದರೆ ನಮ್ಮ ಬಾಯಿಗೆ ಬರುವುದು ನತಾಶಾ, ತಾನ್ಯಾ, ಓಲ್ಗಾ, ಸ್ವೆತ್ಲಾನಾ. ಈ ನಾಲ್ಕರಲ್ಲಿ ಅಪ್ಪಟ ಸ್ಲಾವ್ (ರಷ್ಯನ್, ಉಕ್ರೇನಿಯನ್ ಮೊದಲಾದ ಭಾಷೆಗಳ ಮನೆತನ) ಹೆಸರು ಯಾವುದು? ನತಾಶಾ ಅನ್ನುವುದು ನತಾಲ್ಯಾದ ಮುದ್ದು ರೂಪ, ಅದರ ಬೇರು ಲ್ಯಾಟಿನ್. ತಾನ್ಯಾ ಅಂದರೆ ತತ್ಯಾನಾ, ಅದೂ ರೋಮ್ ಕಡೆಯಿಂದ ಬಂದದ್ದು. ಓಲ್ಗಾ ಸ್ಕ್ಯಾಂಡಿನೇವಿಯಾದ ಹೆಲ್ಗಾ. ಉಳಿದದ್ದು ಸ್ವೆತ್ಲಾನಾ ಒಂದೇ. ಅದರ ಬೇರು ಮಾತ್ರ ಸ್ಲಾವ್ ನೆಲದ್ದು.

ಹಾಗಾದರೆ ನಾಲ್ಕರಲ್ಲಿ ಅದೇ ಹಳೆಯದೂ ಇರಬೇಕು ಅಲ್ವಾ? ಇಲ್ಲ. ಅದೇ ಎಲ್ಲಕ್ಕಿಂತ ಕಿರಿಯದು. ಓಲ್ಗಾ ಅನ್ನುವ ರಾಣಿ 10ನೇ ಶತಮಾನದಲ್ಲೇ ಕೀವ್ ಆಳಿದ್ದಳು. ಸ್ವೆತ್ಲಾನಾ ಅನ್ನುವ ಹೆಸರು ಮೊದಲು ಕಾಣಿಸಿಕೊಳ್ಳುವುದು 1802ರಲ್ಲಿ ಬರೆದ ಒಂದು ಕವಿತೆಯಲ್ಲಿ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಅದು ಪುಸ್ತಕದಲ್ಲೇ ಇತ್ತು. ಆಮೇಲೆ ಅರ್ಧ ಶತಮಾನದೊಳಗೆ ಸೋವಿಯತ್ ಒಕ್ಕೂಟದ ಪ್ರತಿ ಶಾಲೆ, ಪ್ರತಿ ಕಚೇರಿಯಲ್ಲೂ ಒಬ್ಬಳು ಸ್ವೆತ್ಲಾನಾ ಸಿಗುವ ಹಾಗಾಯಿತು.

ಮೊದಲು ಬೇರಿನ ವಿಷಯ. ರಷ್ಯನ್ ಭಾಷೆಯಲ್ಲಿ ‘ಸ್ವೆತ್’ ಅಂದರೆ ಬೆಳಕು. ‘ಸ್ವೆತ್ಲಿ’ ಅಂದರೆ ಬೆಳಗುವ, ತಿಳಿಯಾದ. ಅದಕ್ಕೆ ಹೆಣ್ಣು ಹೆಸರಿನ ‘ಅನಾ’ ಬಾಲ ಸೇರಿದರೆ ಸ್ವೆತ್ಲಾನಾ. ಇದನ್ನು ಓದುವಾಗಲೇ ನಿಮಗೆ ಶ್ವೇತಾ ನೆನಪಾಗಿರಬೇಕು. ಆ ನೆನಪು ಸುಮ್ನೆ ಬಂದದ್ದಲ್ಲ. ಸಂಸ್ಕೃತದ ಶ್ವೇತ, ರಷ್ಯನ್‌ನ ಸ್ವೆತ್, ಇಂಗ್ಲಿಷಿನ ವೈಟ್ ಮೂರೂ ಒಂದೇ ಹಳೆಯ ಇಂಡೋ-ಯುರೋಪಿಯನ್ ಬೇರಿನಿಂದ ಬಂದ ಮಾತುಗಳು. ಆ ಮೂಲಭಾಷೆಯಲ್ಲಿದ್ದ ಒಂದು ಬಗೆಯ ‘ಕ’ಕಾರ ಸಂಸ್ಕೃತದಲ್ಲಿ ‘ಶ’ ಆಯಿತು, ಸ್ಲಾವ್ ಭಾಷೆಗಳಲ್ಲಿ ‘ಸ’ ಆಯಿತು. ಒಂದೆರಡು ಪದದಲ್ಲಿ ಕಾಕತಾಳೀಯವಾಗಿ ಆದದ್ದಲ್ಲ ಇದು, ಸಾಲಾಗಿ ಕಾಣುತ್ತದೆ: ಸಂಸ್ಕೃತದ ಶತ ರಷ್ಯನ್‌ನಲ್ಲಿ ಸ್ತೊ, ದಶ ಅಲ್ಲಿ ದೇಸ್ಯತ್, ಕೀರ್ತಿ ಅನ್ನುವ ಅರ್ಥದ ಶ್ರವಸ್ ಅಲ್ಲಿ ಸ್ಲಾವಾ. ಯಾರೊಸ್ಲಾವ್, ಮ್ಸ್ತಿಸ್ಲಾವ್ ಅನ್ನುವ ಹೆಸರುಗಳ ಕೊನೆಯಲ್ಲಿರುವ ‘ಸ್ಲಾವ್’ ಇದೇ. ಮಹಾಭಾರತದ ಭೂರಿಶ್ರವನ ಹೆಸರಿನ ಕೊನೆಯಲ್ಲಿರುವುದೂ ಇದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಾಟ್ಸಾಪಿನಲ್ಲಿ ಓಡಾಡುವ ಸಂದೇಶಗಳು ಇಂಥ ಜೋಡಿ ಪದ ಹಿಡಿದುಕೊಂಡು ರಷ್ಯನ್ ಸಂಸ್ಕೃತದಿಂದಲೇ ಹುಟ್ಟಿತು ಅನ್ನುತ್ತವೆ. ಹಾಗಲ್ಲ. ಎರಡೂ ಒಂದೇ ಹಳೆಯ ಮನೆತನದ ಬೇರೆ ಬೇರೆ ಕವಲುಗಳು. ಇನ್ನು ಕನ್ನಡ ಆ ಮನೆತನದ್ದೇ ಅಲ್ಲ. ಶ್ವೇತ ನಮಗೆ ಸಂಸ್ಕೃತದಿಂದ ಬಂದ ಪದ. ಹಾಗಾಗಿ ನಮ್ಮ ಶ್ವೇತಾಗೂ ಅವರ ಸ್ವೇತಾಗೂ (ಸ್ವೆತ್ಲಾನಾಳ ಕರೆಹೆಸರು) ಇರುವ ಸಂಬಂಧ ನಿಜ, ಆದರೆ ದೂರದ್ದು.

ಬೆಂಗಳೂರಿನವರಿಗೆ ಇನ್ನೊಂದು ಹೆಸರು ಗೊತ್ತಿದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರ ಜೊತೆ ಬಾಳಿದ ಕಲಾವಿದ ಸ್ವೆತೊಸ್ಲಾವ್ ರೋರಿಕ್. ಅದರಲ್ಲೂ ಸ್ವೆತ್ ಇದೆ, ಬೆಳಕು ಇದೆ ಅಂದುಕೊಳ್ಳುವುದು ಸಹಜ. ಆದರೆ ಅವರ ರಷ್ಯನ್ ಹೆಸರು ಸ್ವ್ಯತೊಸ್ಲಾವ್. ಅಲ್ಲಿರುವುದು ‘ಪವಿತ್ರ’ ಅನ್ನುವ ಅರ್ಥದ ‘ಸ್ವ್ಯತ್’. ಅದೂ ಇದೂ ಬೇರೆ ಬೇರೆ ಬೇರು. ಸ್ವ್ಯತೊಸ್ಲಾವ್ ನಿಜಕ್ಕೂ ಸಾವಿರ ವರ್ಷ ದಾಟಿದ ಹೆಸರು. ಮೇಲೆ ಹೇಳಿದ ರಾಣಿ ಓಲ್ಗಾಳ ಮಗನ ಹೆಸರೇ ಅದು.

ಆ ತಾಯಿ ಮಗನ ಜೋಡಿಯನ್ನು ನೋಡಿದರೆ ರಷ್ಯನ್ ಹೆಸರುಗಳ ಇತಿಹಾಸದ ತಿರುವು ಕಾಣುತ್ತದೆ. ಓಲ್ಗಾ ಕ್ರೈಸ್ತ ಧರ್ಮಕ್ಕೆ ಸೇರಿದಾಗ ಅವಳಿಗೆ ಎಲೆನಾ ಅನ್ನುವ ಹೊಸ ಹೆಸರು ಬಂತು. ಮಗ ಸೇರಲೇ ಇಲ್ಲ. ಮೊಮ್ಮಗ ವ್ಲದಿಮಿರ್ 988ರಲ್ಲಿ ತಾನೂ ಸೇರಿ, ಇಡೀ ನಾಡನ್ನೂ ಸೇರಿಸಿದ. ಅವನ ದೀಕ್ಷೆಯ ಹೆಸರು ವಸೀಲಿ. ಅಲ್ಲಿಂದ ಬಹಳ ಕಾಲ ಜನರಿಗೆ ಎರಡೆರಡು ಹೆಸರು ಇರುತ್ತಿದ್ದವು. ಮನೆಯಲ್ಲಿ ಕರೆಯಲು ಒಂದು, ಚರ್ಚಿನಲ್ಲಿ ಒಂದು. ನಿಧಾನವಾಗಿ ಚರ್ಚಿನ ಹೆಸರೇ ಗೆದ್ದಿತು.

ಚರ್ಚಿನ ನಿಯಮ ಸರಳ. ಮಗುವಿನ ಹೆಸರು ಯಾರಾದರೂ ಸಂತರ ಹೆಸರೇ ಆಗಿರಬೇಕು. ವರ್ಷದ ಯಾವ ದಿನ ಯಾವ ಸಂತರದ್ದು ಅಂತ ಹೇಳುವ ಪಟ್ಟಿ ಇತ್ತು, ಅದಕ್ಕೆ ‘ಸ್ವ್ಯಾತ್ಸಿ’ ಅನ್ನುತ್ತಾರೆ. ಮಗು ಹುಟ್ಟಿದ ದಿನದ ಆಸುಪಾಸು ಯಾವ ಸಂತರ ದಿನ ಬರುತ್ತದೋ ನೋಡಿ ಪಾದ್ರಿ ಹೆಸರು ಹೇಳುತ್ತಿದ್ದ. ಆ ಸಂತರು ಮಗುವಿನ ಕಾವಲು. ಅವರ ದಿನವೇ ಮಗುವಿನ ‘ಇಮೆನೀನಿ’, ಅಂದರೆ ಹೆಸರಿನ ಹಬ್ಬ. ಎಷ್ಟೋ ಮನೆಗಳಲ್ಲಿ ಹುಟ್ಟುಹಬ್ಬಕ್ಕಿಂತ ಅದೇ ಜೋರಾಗಿ ನಡೆಯುತ್ತಿತ್ತು.

ಸಂತರ ಪಟ್ಟಿ ಬಂದದ್ದು ಬೈಜಾಂಟಿಯಮ್‌ನಿಂದ. ಹಾಗಾಗಿ ಹೆಸರುಗಳೂ ಗ್ರೀಕ್, ಲ್ಯಾಟಿನ್, ಹೀಬ್ರೂ. ಇವಾನ್, ಮರಿಯಾ, ಅನ್ನಾ ಎಲ್ಲ ಹೀಬ್ರೂ ಮೂಲದವು. ಇರಿನಾ, ಗಲೀನಾ ಗ್ರೀಕ್. ಹಳೆಯ ಸ್ಲಾವ್ ಹೆಸರುಗಳಲ್ಲಿ ಉಳಿದುಕೊಂಡಿದ್ದು ಬೆರಳೆಣಿಕೆಯಷ್ಟು. ವ್ಲದಿಮಿರ್ ಉಳಿದದ್ದು ಅವನನ್ನೇ ಸಂತ ಅಂತ ಸಾರಿದ್ದರಿಂದ. ಲ್ಯುದ್ಮಿಲಾ ಉಳಿದದ್ದು 921ರಲ್ಲಿ ಕೊಲೆಯಾದ ಬೊಹೀಮಿಯಾದ ಸಂತ ಲ್ಯುದ್ಮಿಲಾಳಿಂದ. ಇವಲ್ಲದೆ ಮೂರು ಹೆಸರು ಸ್ವಲ್ಪ ವಿಚಿತ್ರ ದಾರಿಯಲ್ಲಿ ಬಂದವು. ಪಿಸ್ತಿಸ್, ಎಲ್ಪಿಸ್, ಅಗಾಪೆ ಅನ್ನುವ ಮೂವರು ಹುತಾತ್ಮ ಅಕ್ಕತಂಗಿಯರ ಹೆಸರನ್ನು ಅನುವಾದ ಮಾಡಿಯೇ ಬಿಟ್ಟರು: ವೇರಾ, ನದೇಜ್ದಾ, ಲ್ಯುಬೋವ್. ನಂಬಿಕೆ, ಭರವಸೆ, ಪ್ರೀತಿ. ಉಳಿದ ಗ್ರೀಕ್ ಹೆಸರುಗಳಿಗೆ ಈ ಭಾಗ್ಯ ಇರಲಿಲ್ಲ. ಉದಾಹರಣೆಗೆ ಫೋತಿನಾ ಅನ್ನುವ ಹೆಸರಿದೆ. ಗ್ರೀಕ್‌ನಲ್ಲಿ ‘ಫೋಸ್’ ಅಂದರೆ ಬೆಳಕು, ಹಾಗಾಗಿ ಫೋತಿನಾ ಅಂದರೆ ಬೆಳಕಿನವಳು. ಅದನ್ನು ಯಾರೂ ಅನುವಾದ ಮಾಡಲಿಲ್ಲ. ಹಳ್ಳಿಗರ ಬಾಯಲ್ಲಿ ಅದು ಫೆತಿನ್ಯಾ ಆಗಿ ಸವೆಯಿತು. ಈ ಫೋತಿನಾ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತಾಳೆ.

18ನೇ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಎಲ್ಲ ಕಡೆ ತಮ್ಮ ತಮ್ಮ ಜನಪದ, ಪುರಾತನ ಕಾಲದ ಹುಚ್ಚು ಹಿಡಿದಿತ್ತು. ರಷ್ಯನ್ ಕವಿಗಳಿಗೂ ಹಿಡಿಯಿತು. ಆದರೆ ಕ್ರೈಸ್ತ ಪೂರ್ವ ಕಾಲದ ಕಥೆ ಬರೆಯಬೇಕು ಅಂದರೆ ನಾಯಕಿಗೆ ಏನು ಹೆಸರಿಡುವುದು? ಹಳೆಯ ಚರಿತ್ರೆಯ ಹೊತ್ತಗೆಗಳಲ್ಲಿ ಗಂಡಸರ ಹೆಸರು ರಾಶಿ ಸಿಗುತ್ತವೆ, ಹೆಂಗಸರ ಹೆಸರು ಅಷ್ಟಾಗಿ ಇಲ್ಲ. ಸಿಗದಿದ್ದರೆ ಕಟ್ಟಿಕೊಳ್ಳಬೇಕು. ಅಲೆಕ್ಸಾಂದರ್ ವೊಸ್ತೋಕೋವ್ ಮಾಡಿದ್ದು ಅದನ್ನೇ. 1802ರಲ್ಲಿ ‘ಸ್ವೆತ್ಲಾನಾ ಮತ್ತು ಮ್ಸ್ತಿಸ್ಲಾವ್’ ಅನ್ನುವ ಪದ್ಯಕಥೆ ಬರೆದು ಅದನ್ನು ‘ಪುರಾತನ ರೊಮಾನ್ಸ್’ ಅಂತ ಕರೆದರು. ಮ್ಸ್ತಿಸ್ಲಾವ್ ನಿಜವಾಗಿ ಪುರಾತನ ಹೆಸರು. ಅದರ ಪಕ್ಕದಲ್ಲಿ ಕೂತಿದ್ದರಿಂದ ಸ್ವೆತ್ಲಾನಾ ಕೂಡ ಪುರಾತನವಾಗಿಯೇ ಕಂಡಳು.

ವೊಸ್ತೋಕೋವ್ ಯಾರು ಅನ್ನುವುದು ಇನ್ನೂ ಮಜವಾಗಿದೆ. ಅವರು ಹುಟ್ಟಿದ್ದು 1781ರಲ್ಲಿ, ಇವತ್ತಿನ ಎಸ್ಟೋನಿಯಾಗೆ ಸೇರಿದ ಒಂದು ದ್ವೀಪದಲ್ಲಿ. ಮನೆಮಾತು ಜರ್ಮನ್. ಮದುವೆಯಾಗದ ತಂದೆತಾಯಿಗೆ ಹುಟ್ಟಿದ್ದರಿಂದ ತಂದೆಯ ಕುಲನಾಮ ಸಿಗಲಿಲ್ಲ, ಓಸ್ಟೆನೆಕ್ ಅನ್ನುವ ಬೇರೆ ಹೆಸರು ಸಿಕ್ಕಿತು. ಜರ್ಮನ್‌ನಲ್ಲಿ ‘ಓಸ್ಟ್’ ಅಂದರೆ ಪೂರ್ವ. ರಷ್ಯನ್‌ನಲ್ಲಿ ಪೂರ್ವಕ್ಕೆ ‘ವೊಸ್ತೋಕ್’. ಅವರು ತಮ್ಮ ಕುಲನಾಮವನ್ನೇ ರಷ್ಯನ್ ಮಾಡಿಕೊಂಡು ವೊಸ್ತೋಕೋವ್ ಆದರು. ಮುಂದೆ ಅವರೇ ಸ್ಲಾವ್ ಭಾಷಾ ಅಧ್ಯಯನಕ್ಕೆ ಅಡಿಪಾಯ ಹಾಕಿದ ದೊಡ್ಡ ವಿದ್ವಾಂಸರೂ ಆದರು. ಹಳೆಯ ಸ್ಲಾವ್ ಲಿಪಿಯ ಕೆಲವು ಅಕ್ಷರಗಳು ಮೂಗಿನಿಂದ ಉಚ್ಚರಿಸುವ ಸ್ವರಗಳು ಅಂತ 1820ರಲ್ಲಿ ತೋರಿಸಿಕೊಟ್ಟವರು ಇವರೇ. 11ನೇ ಶತಮಾನದ ಓಸ್ತ್ರೊಮಿರ್ ಸುವಾರ್ತೆಯ ಹಸ್ತಪ್ರತಿಯನ್ನು 1843ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಇವರೇ. ಅಷ್ಟು ಬಲ್ಲವರು ಕಟ್ಟಿದ್ದರಿಂದ ಹೆಸರಿನಲ್ಲಿ ಹುಳುಕು ಕಾಣುವುದಿಲ್ಲ. ಬೇರು ಸರಿ, ಬಾಲ ಸರಿ, ನಾದ ಸರಿ.

ಆದರೂ ವೊಸ್ತೋಕೋವ್ ಪದ್ಯ ಓದಿದವರು ಕಡಿಮೆ. ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ವಸೀಲಿ ಝುಕೋವ್‌ಸ್ಕಿ. ಇವರಿಗೂ ತಂದೆಯ ಕುಲನಾಮ ಇರಲಿಲ್ಲ. ತಂದೆ ಬುನಿನ್ ಅನ್ನುವ ಜಮೀನ್ದಾರ, ತಾಯಿ ಯುದ್ಧದಲ್ಲಿ ಸೆರೆಸಿಕ್ಕಿ ಆ ಮನೆಗೆ ಬಂದ ತುರ್ಕಿ ಹೆಣ್ಣು. ಝುಕೋವ್‌ಸ್ಕಿ ಅನ್ನುವುದು ದತ್ತು ತೆಗೆದುಕೊಂಡವರ ಹೆಸರು. ತಂದೆಯ ಹೆಸರು ದಕ್ಕದ ಇಬ್ಬರು ಗಂಡಸರು ಕೂಡಿ ರಷ್ಯಾಕ್ಕೆ ಕೊಟ್ಟ ಹೆಸರು ಇದು. ಇದನ್ನು ನಾನು ಸುಮ್ಮನೆ ಬಿಟ್ಟು ಮುಂದೆ ಹೋಗಲಾರೆ.

ಆ ಕಾಲದಲ್ಲಿ ಜರ್ಮನ್ ಕವಿ ಬ್ಯೂರ್ಗರನ ‘ಲೆನೋರ್’ ಅನ್ನುವ ಲಾವಣಿ ಯುರೋಪನ್ನೇ ನಡುಗಿಸಿತ್ತು. ಯುದ್ಧದಿಂದ ಬಾರದ ಇನಿಯನಿಗಾಗಿ ದೇವರನ್ನೇ ಬೈದ ಹುಡುಗಿಯನ್ನು, ಅವನ ರೂಪದಲ್ಲಿ ಬಂದ ಸಾವು ಕುದುರೆ ಮೇಲೆ ಕೂರಿಸಿಕೊಂಡು ಹೋಗುವ ಕಥೆ. ಝುಕೋವ್‌ಸ್ಕಿ ಅದನ್ನು 1808ರಲ್ಲಿ ‘ಲ್ಯುದ್ಮಿಲಾ’ ಅಂತ ರಷ್ಯಾಕ್ಕೆ ಒಗ್ಗಿಸಿದರು. ಅಷ್ಟಕ್ಕೆ ತೃಪ್ತಿ ಆಗಲಿಲ್ಲ. ಅದೇ ಕಥೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡು, ತಿರುಗಿಸಿ ‘ಸ್ವೆತ್ಲಾನಾ’ ಬರೆದರು. ಅದು ಅಚ್ಚಾದದ್ದು 1813ರಲ್ಲಿ.

ಈ ಸಲದ ಕಥೆ ಜನವರಿಯ ಚಳಿಯಲ್ಲಿ, ಏಸುವಿನ ದೀಕ್ಷಾಸ್ನಾನದ ಹಬ್ಬದ ಹಿಂದಿನ ಸಂಜೆ ಶುರುವಾಗುತ್ತದೆ. ಆ ಸಂಜೆ ಹುಡುಗಿಯರು ಸೇರಿ ತಮಗೆ ಎಂಥ ಗಂಡ ಸಿಗುತ್ತಾನೆ ಅಂತ ಶಕುನ ನೋಡುವುದು ರಷ್ಯಾದ ಹಳೇ ಪದ್ಧತಿ. ಕಾಲಿನ ಚಪ್ಪಲಿ ಬಿಚ್ಚಿ ಗೇಟಿನಾಚೆ ಎಸೆಯುತ್ತಾರೆ, ಅದು ಬಿದ್ದ ದಿಕ್ಕು ನೋಡುತ್ತಾರೆ. ಮೇಣ ಕರಗಿಸುತ್ತಾರೆ. ಎಲ್ಲಕ್ಕಿಂತ ಭಯದ್ದು ಅಂದರೆ ನಡುರಾತ್ರಿ ಒಬ್ಬಳೇ ಮೇಣದಬತ್ತಿ ಹಚ್ಚಿಕೊಂಡು ಕನ್ನಡಿ ಮುಂದೆ ಕೂರುವುದು. ವರ್ಷದಿಂದ ಸುದ್ದಿಯಿಲ್ಲದ ಇನಿಯನನ್ನು ನೆನೆದು ಸ್ವೆತ್ಲಾನಾ ಹಾಗೆ ಕೂರುತ್ತಾಳೆ. ಅವನು ಬರುತ್ತಾನೆ. ಹಿಮಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಚರ್ಚು, ಚರ್ಚಿನೊಳಗೆ ಶವಪೆಟ್ಟಿಗೆ. ಕೊನೆಗೆ ಒಂದು ಗುಡಿಸಲು, ಅಲ್ಲೊಂದು ಹೆಣ. ಹೆಣ ಏಳುತ್ತದೆ. ಬಿಳಿ ಪಾರಿವಾಳವೊಂದು ಅವಳನ್ನು ಕಾಯುತ್ತದೆ. ಎಚ್ಚರವಾಗುತ್ತದೆ. ಬೆಳಗಾಗಿದೆ, ಎಲ್ಲ ಕನಸು. ಹೊರಗೆ ಗಾಡಿಯ ಗಂಟೆ ಕೇಳುತ್ತದೆ. ಇನಿಯ ನಿಜವಾಗಿಯೇ ಬಂದಿದ್ದಾನೆ.

ಭಯವೂ ಇದೆ, ಕೊನೆಯಲ್ಲಿ ಸುಖವೂ ಇದೆ. ಇಡೀ ಕಥೆ ಕತ್ತಲಿಂದ ಬೆಳಕಿಗೆ ಬರುವ ದಾರಿ ಆದ್ದರಿಂದ ಹೆಸರು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಲ್ಯುದ್ಮಿಲಾ ಸತ್ತಳು, ಸ್ವೆತ್ಲಾನಾ ಬದುಕಿದಳು. ಲಾವಣಿ ಎಷ್ಟು ಜನಪ್ರಿಯವಾಯಿತು ಅಂದರೆ ಝುಕೋವ್‌ಸ್ಕಿಗೇ ಆ ಹೆಸರು ಅಂಟಿಕೊಂಡಿತು. ಅವರೂ ಗೆಳೆಯರೂ 1815ರಲ್ಲಿ ಅರ್ಜಮಾಸ್ ಅನ್ನುವ ತಮಾಷೆಯ ಸಾಹಿತ್ಯ ಕೂಟ ಕಟ್ಟಿದ್ದರು. ಸದಸ್ಯರಿಗೆಲ್ಲ ಝುಕೋವ್‌ಸ್ಕಿ ಲಾವಣಿಗಳಿಂದ ಹೆಕ್ಕಿದ ಅಡ್ಡಹೆಸರು. ಹುಡುಗ ಪುಷ್ಕಿನ್‌ಗೆ ‘ಚಿಮ್ಮಂಡೆ ಹುಳು’ ಅಂತ ಹೆಸರು. ಮೂವತ್ತು ದಾಟಿದ ಝುಕೋವ್‌ಸ್ಕಿ ಅಲ್ಲಿ ‘ಸ್ವೆತ್ಲಾನಾ’. ಲಾವಣಿಯನ್ನು ತಮ್ಮ ಬಂಧು ಅಲೆಕ್ಸಾಂದ್ರಾ ಪ್ರೊತಾಸೊವಾಗೆ ಮದುವೆಯ ಉಡುಗೊರೆಯಾಗಿ ಅರ್ಪಿಸಿದ್ದರು. ಅವಳನ್ನೂ ಜನ ಸ್ವೆತ್ಲಾನಾ ಅಂತಲೇ ಕರೆದರು. ಪುಷ್ಕಿನ್ ‘ಯೆವ್ಗೇನಿ ಒನೇಗಿನ್’ನಲ್ಲಿ ತನ್ನ ತತ್ಯಾನಾಳನ್ನು ಸ್ವೆತ್ಲಾನಾಗೆ ಹೋಲಿಸಿದ. ಬ್ರ್ಯುಲ್ಲೋವ್ 1836ರಲ್ಲಿ ಕನ್ನಡಿ ಮುಂದೆ ಕೂತ ಸ್ವೆತ್ಲಾನಾಳ ಚಿತ್ರ ಬರೆದ.

(ಝುಕೋವ್‌ಸ್ಕಿಗೆ ನಮ್ಮ ಕಡೆಯ ನಂಟೂ ಒಂದಿದೆ. ಮುಪ್ಪಿನಲ್ಲಿ ಅವರು ನಳದಮಯಂತಿಯ ಕಥೆಯನ್ನು ಜರ್ಮನ್ ಮೂಲಕ ರಷ್ಯನ್ ಪದ್ಯಕ್ಕೆ ತಂದರು. ಅದು 1844ರಲ್ಲಿ ಅಚ್ಚಾಯಿತು.)

ಇಷ್ಟೆಲ್ಲ ಆದರೂ ನೀವು ನಿಮ್ಮ ಮಗಳಿಗೆ ಸ್ವೆತ್ಲಾನಾ ಅಂತ ಹೆಸರಿಡುವ ಹಾಗಿರಲಿಲ್ಲ. ಆ ಹೆಸರಿನ ಸಂತಳಿಲ್ಲ. ಸಂತಳಿಲ್ಲ ಅಂದರೆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ದೀಕ್ಷೆ ಇಲ್ಲ. ಆಗ ಜನನದ ದಾಖಲೆ ಅಂದರೆ ಚರ್ಚಿನ ದಾಖಲೆಯೇ. ಬೇರೆ ಸರ್ಕಾರಿ ಕಚೇರಿ ಇರಲಿಲ್ಲ. ಮನೆಯೊಳಗೆ ಮುದ್ದಿಗೆ ಕರೆಯಬಹುದಿತ್ತು, ಅಷ್ಟೇ. ಹೆಸರು ಬೇಕು ಅಂತ ಚರ್ಚಿನ ಮೇಲಧಿಕಾರಿಗಳನ್ನು ಕೇಳಿಕೊಂಡವರೂ ಇದ್ದರು. ಒಪ್ಪಿಗೆ ಸಿಗಲಿಲ್ಲ.

ಹಡಗಿಗೆ ಇಡಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. 1858ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ರಷ್ಯಾದ ನೌಕಾಪಡೆಗಾಗಿ ನೀರಿಗಿಳಿದ ಯುದ್ಧನೌಕೆಯ ಹೆಸರು ಸ್ವೆತ್ಲಾನಾ. ಝಾರ್ ದೊರೆಯ ಮಗ ಅಲೆಕ್ಸೆಯ್ 1871ರಲ್ಲಿ ಅಮೆರಿಕಕ್ಕೆ ಹೋದದ್ದು ಅದರಲ್ಲೇ. ಎರಡನೇ ಸ್ವೆತ್ಲಾನಾ ಜಪಾನಿನ ವಿರುದ್ಧ ನಡೆದ ಯುದ್ಧದಲ್ಲಿ, 1905ರ ತ್ಸುಶಿಮಾ ಕದನದಲ್ಲಿ ಮುಳುಗಿತು. ಮೂರನೆಯದನ್ನು 1913ರಲ್ಲಿ ಕಟ್ಟಲು ಶುರುಮಾಡಿದರು. ಕ್ರಾಂತಿ ಆದಮೇಲೆ ಅದಕ್ಕೆ ‘ಪ್ರೊಫಿಂತೆರ್ನ್’, ಆಮೇಲೆ ‘ಕೆಂಪು ಕ್ರೈಮಿಯಾ’ ಅಂತ ಹೆಸರು ಬದಲಾಯಿತು. ಹೆಣ್ಣುಮಕ್ಕಳಿಗೆ ಸ್ವೆತ್ಲಾನಾ ಸಿಗುವ ಕಾಲ ಬಂದಾಗ ಹಡಗು ಅದನ್ನು ಕಳೆದುಕೊಂಡಿತು.

ಇನ್ನೊಂದು ಬಳಕೆ ಬಲ್ಬಿನದು. ಸೇಂಟ್ ಪೀಟರ್ಸ್‌ಬರ್ಗಿನ ಒಂದು ಕಾರ್ಖಾನೆ ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ವಿದ್ಯುತ್ ದೀಪಕ್ಕೆ ಸ್ವೆತ್ಲಾನಾ ಅನ್ನುವ ಮಾರ್ಕು ಹಾಕಿತು. ಬೆಳಕು ಮಾರುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು? ಕಾರ್ಖಾನೆಗೇ ಕ್ರಮೇಣ ಆ ಹೆಸರು ಬಂತು. ಸೋವಿಯತ್ ಕಾಲದಲ್ಲಿ ರೇಡಿಯೋದ ಗಾಜಿನ ಟ್ಯೂಬುಗಳನ್ನು (ವಾಲ್ವ್) ಮಾಡಿದ್ದೂ ಅದೇ. ಹಳೇ ಟ್ಯೂಬ್ ಆಂಪ್ಲಿಫೈಯರಿನ ಗೀಳು ಇರುವ ಗಿಟಾರ್ ವಾದಕರಿಗೆ ಸ್ವೆತ್ಲಾನಾ ಅಂದರೆ ಇವತ್ತಿಗೂ ಹುಡುಗಿಯಲ್ಲ, ಗಾಜಿನ ಟ್ಯೂಬು.

ಬೀಗ ತೆಗೆದದ್ದು 1917ರ ಕ್ರಾಂತಿ. ಆ ವರ್ಷದ ಕೊನೆಗೆ ಬಂದ ಆಜ್ಞೆ ಜನನ, ಮದುವೆಗಳ ದಾಖಲೆಯನ್ನು ಚರ್ಚಿನಿಂದ ಕಿತ್ತು ಸರ್ಕಾರಿ ಕಚೇರಿಗೆ ಕೊಟ್ಟಿತು. ಆ ಕಚೇರಿಯನ್ನು ರಷ್ಯನ್ನರು ಈಗಲೂ ‘ಝಾಗ್ಸ್’ ಅನ್ನುತ್ತಾರೆ. ಅಲ್ಲಿನ ಗುಮಾಸ್ತನಿಗೆ ಸಂತರ ಪಟ್ಟಿ ಬೇಕಾಗಿಲ್ಲ. ಅಪ್ಪ ಅಮ್ಮ ಏನು ಹೇಳಿದರೂ ಬರೆದುಕೊಳ್ಳುತ್ತಾನೆ. ಒಂದಷ್ಟು ಜನ ಈ ಸ್ವಾತಂತ್ರ್ಯವನ್ನು ಮೈಮೇಲೆ ಹಾಕಿಕೊಂಡರು. ವ್ಲದಿಮಿರ್ ಲೆನಿನ್ ಸೇರಿಸಿ ವ್ಲಾದ್ಲೆನ್. ಲೆನಿನ್ ತಿರುಗಿಸಿ ಓದಿದರೆ ನಿನೆಲ್. ಮಾರ್ಕ್ಸ್ ಮತ್ತು ಲೆನಿನ್ ಸೇರಿದರೆ ಮಾರ್ಲೆನ್. ಅಕ್ಟೋಬರ್ ಕ್ರಾಂತಿಗೆ ಒಕ್ತ್ಯಬ್ರಿನಾ. ಟ್ರಾಕ್ಟರ್ ಅಂತ ಹೆಸರಿಟ್ಟವರೂ ಇದ್ದರು.

ಇವುಗಳ ನಡುವೆ ಸ್ವೆತ್ಲಾನಾಗೆ ಒಂದು ಅನುಕೂಲ ಇತ್ತು. ಅದು ಪಾದ್ರಿಯ ಪಟ್ಟಿಯಲ್ಲಿ ಇಲ್ಲದ ಹೆಸರು, ಆದ್ದರಿಂದ ಹೊಸ ಕಾಲದ್ದು. ಆದರೆ ಘೋಷಣೆ ಕೂಗುವ ಹೆಸರೂ ಅಲ್ಲ. ಶಾಲೆಯಲ್ಲಿ ಓದಿದ ಪದ್ಯದ ಹೆಸರು, ಕಿವಿಗೆ ಹಿತ. ಊರೂರಿಗೆ ವಿದ್ಯುತ್ ತರುತ್ತೇವೆ ಅಂತ ಸರ್ಕಾರವೇ ಹೇಳುತ್ತಿದ್ದ ಕಾಲಕ್ಕೆ ಅದರ ಅರ್ಥವೂ ಹೊಂದುತ್ತಿತ್ತು. ಟ್ರಾಕ್ಟರ್ ಅನ್ನುವ ಹೆಸರು ಒಂದು ತಲೆಮಾರೂ ದಾಟಲಿಲ್ಲ, ಸ್ವೆತ್ಲಾನಾ ದಾಟಿತು. ನನಗೆ ಕಾಣುವ ಕಾರಣ ಇದು.

ಮೊದಲು ಇಟ್ಟವರಲ್ಲಿ ಸೋವಿಯತ್ ನಾಯಕರ ಕ್ರೆಮ್ಲಿನ್ ಮನೆಗಳೂ ಇದ್ದವು. ಬುಖಾರಿನ್ ಮಗಳು ಸ್ವೆತ್ಲಾನಾ. ಮೊಲೊತೊವ್ ಮಗಳು ಸ್ವೆತ್ಲಾನಾ. 1926ರ ಫೆಬ್ರವರಿ 28ರಂದು ಹುಟ್ಟಿದ ಸ್ಟಾಲಿನ್ ಮಗಳೂ ಸ್ವೆತ್ಲಾನಾ. ಅಪ್ಪ ಪತ್ರಗಳಲ್ಲಿ ಅವಳನ್ನು ‘ಸೆತಾಂಕಾ’ ಅಂತ ಮುದ್ದು ಮಾಡುತ್ತಿದ್ದ. 1935ರಲ್ಲಿ ಯುವಕವಿ ಸೆರ್ಗೇಯ್ ಮಿಖಲ್ಕೋವ್ ಒಂದು ಜೋಗುಳಕ್ಕೆ ‘ಸ್ವೆತ್ಲಾನಾ’ ಅಂತ ಹೆಸರಿಟ್ಟು ‘ಇಜ್ವೆಸ್ತಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾನು ಮೆಚ್ಚಿಸಲು ಹೊರಟಿದ್ದು ಆ ಹೆಸರಿನ ಸಹಪಾಠಿಯನ್ನು, ಆದರೆ ಮೆಚ್ಚಿದ್ದು ಸ್ಟಾಲಿನ್ ಅಂತ ಅವರೇ ಮುಂದೆ ಹೇಳಿಕೊಂಡರು.

ಸ್ಟಾಲಿನ್ ಮಗಳ ಕಥೆ ಭಾರತಕ್ಕೂ ಸೇರಿದ್ದು. ಅಪ್ಪ ಸತ್ತ ಮೇಲೆ ಅವರು ತಾಯಿಯ ಕುಲನಾಮ ಅಲ್ಲಿಲುಯೆವಾ ಇಟ್ಟುಕೊಂಡರು. ಮಾಸ್ಕೋದಲ್ಲಿ ಉತ್ತರ ಪ್ರದೇಶದ ಕಾಲಾಕಾಂಕರ್ ರಾಜಮನೆತನದ ಕಮ್ಯುನಿಸ್ಟ್ ಬ್ರಜೇಶ್ ಸಿಂಗ್ ಅವರ ಜೊತೆ ಬಾಳಿದರು. ಸೋವಿಯತ್ ಸರ್ಕಾರ ಮದುವೆಗೆ ಒಪ್ಪಲಿಲ್ಲ. ಸಿಂಗ್ 1966ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮ ಹಿಡಿದು ಭಾರತಕ್ಕೆ ಬಂದರು. 1967ರ ಮಾರ್ಚ್ 6ರ ಸಂಜೆ ದೆಹಲಿಯ ಅಮೆರಿಕ ರಾಯಭಾರ ಕಚೇರಿಗೆ ನಡೆದು ಹೋಗಿ ಆಶ್ರಯ ಕೇಳಿದರು. ಅಮೆರಿಕದಲ್ಲಿ 1970ರಲ್ಲಿ ಮದುವೆಯಾದ ಮೇಲೆ ಅವರ ಹೆಸರು ಲಾನಾ ಪೀಟರ್ಸ್. ಆ ‘ಲಾನಾ’ ಎಲ್ಲಿಂದಲೋ ತಂದದ್ದಲ್ಲ, ಸ್ವೆತ್ಲಾನಾದ ಬಾಲವೇ. 2011ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತೀರಿಕೊಂಡರು.

ಅಪ್ಪನ ಹೆಸರಿಗೆ ಬಂದ ಕಳಂಕ ಮಗಳ ಹೆಸರಿಗೆ ತಟ್ಟಲಿಲ್ಲ. ಸ್ಟಾಲಿನ್ ಪ್ರತಿಮೆಗಳು ಉರುಳಿದ ಮೇಲೂ ಸ್ವೆತ್ಲಾನಾಗಳು ಹುಟ್ಟುತ್ತಲೇ ಇದ್ದರು. 1950, 60ರ ದಶಕಗಳಲ್ಲಂತೂ ಒಂದೇ ತರಗತಿಯಲ್ಲಿ ಇಬ್ಬರು ಮೂವರು ಇರುತ್ತಿದ್ದರು. ನಮಗೆ ಗೊತ್ತಿರುವ ಸ್ವೆತ್ಲಾನಾಗಳು ಹೆಚ್ಚಾಗಿ ಆಗ ಹುಟ್ಟಿದವರು, ಅಥವಾ ಅದರ ಹಿಂದುಮುಂದಿನವರು. 1948ರಲ್ಲಿ ಹುಟ್ಟಿದ ಸ್ವೆತ್ಲಾನಾ ಅಲೆಕ್ಸಿಯೆವಿಚ್ 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. ಅದೇ ವರ್ಷ ಹುಟ್ಟಿದ ಸ್ವೆತ್ಲಾನಾ ಸವಿತ್ಸ್‌ಕಾಯಾ ಅಂತರಿಕ್ಷಕ್ಕೆ ಹೋದ ಎರಡನೇ ಮಹಿಳೆ. 1982ರಲ್ಲಿ ಅವರು ಸಲ್ಯೂತ್ 7 ನಿಲ್ದಾಣಕ್ಕೆ ಕಾಲಿಟ್ಟಾಗ ಅಲ್ಲಿದ್ದ ಗಂಡಸರು ತಮಾಷೆಗೆ ಅಡುಗೆಯ ಏಪ್ರನ್ ಕೊಟ್ಟು ಸ್ವಾಗತಿಸಿದರು. ಎರಡು ವರ್ಷ ಬಿಟ್ಟು, 1984ರ ಜುಲೈ 25ರಂದು ಅದೇ ನಿಲ್ದಾಣದಿಂದ ಹೊರಬಂದು ಅಂತರಿಕ್ಷದಲ್ಲಿ ನಡೆದ ಮೊದಲ ಮಹಿಳೆಯಾದರು. ನಮ್ಮ ರಾಕೇಶ್ ಶರ್ಮಾ ಆ ನಿಲ್ದಾಣದಲ್ಲಿದ್ದು ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ.

ಇಷ್ಟು ಹೊತ್ತಿಗೆ ಚರ್ಚಿಗೂ ಒಂದು ಪೇಚು ಬಂದಿತ್ತು. ಒಂದು ಕಾಲದಲ್ಲಿ ಅದು ಹೆಸರನ್ನು ಹೊರಗಿಟ್ಟಿತು. ಈಗ ದೀಕ್ಷೆ ಬೇಡಿ ಬಾಗಿಲಿಗೆ ಬರುವವರೇ ಸ್ವೆತ್ಲಾನಾಗಳು. ಅವರನ್ನೆಲ್ಲ ವಾಪಸ್ ಕಳಿಸುವುದಕ್ಕಾಗುತ್ತದೆಯೇ? ಇಲ್ಲಿ ಫೋತಿನಾ ನೆರವಿಗೆ ಬಂದಳು. ಯೋಹಾನನ ಸುವಾರ್ತೆಯಲ್ಲಿ ಬಾವಿಕಟ್ಟೆಯ ಹತ್ತಿರ ಏಸುವಿನ ಜೊತೆ ಮಾತಾಡುವ ಸಮಾರ್ಯದ ಹೆಂಗಸು ಇದ್ದಾಳಲ್ಲ, ಅವಳಿಗೆ ಪೂರ್ವದ ಚರ್ಚು ಕೊಟ್ಟ ಹೆಸರು ಫೋತಿನಾ. ಫೋತಿನಾ ಅಂದರೂ ಬೆಳಕು, ಸ್ವೆತ್ಲಾನಾ ಅಂದರೂ ಬೆಳಕು. ಹಾಗಾಗಿ ಸ್ವೆತ್ಲಾನಾ ಅನ್ನುವುದು ಫೋತಿನಾದ ರಷ್ಯನ್ ರೂಪ ಅಂತ ಲೆಕ್ಕ. ಇಂದು ಚರ್ಚಿಗೆ ಹೋಗುವ ಎಷ್ಟೋ ಸ್ವೆತ್ಲಾನಾಗಳು ಪ್ರಸಾದದ ಸಾಲಿನಲ್ಲಿ ನಿಂತು ಪಾದ್ರಿಗೆ ಹೇಳುವ ಹೆಸರು ಫೋತಿನಿಯಾ. ಏಪ್ರಿಲ್ 2ರಂದು, ಆ ಸಂತಳ ದಿನ, ಅವರ ಹೆಸರಿನ ಹಬ್ಬ. ಹೆಸರು ಮೊದಲು ಬಂತು, ಅದಕ್ಕೆ ಸಂತಳನ್ನು ಆಮೇಲೆ ಹುಡುಕಿದರು. ಮಾಮೂಲಿ ಕ್ರಮ ಇಲ್ಲಿ ಪೂರ್ತಿ ತಿರುಗುಮುರುಗು.

ಈಗ ಬಳಕೆಯ ವಿಷಯ. ಒತ್ತು ನಡುವಿನ ಅಕ್ಷರದ ಮೇಲೆ: ಸ್ವೆತ್-ಲಾ-ನಾ. ಗೆಳೆಯರ ನಡುವೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಸ್ವೇತಾ ಅನ್ನುತ್ತಾರೆ. ಕೂಗಿ ಕರೆಯುವಾಗ ಕೊನೆಯ ಸ್ವರವೂ ಬಿದ್ದುಹೋಗಿ ಬರೀ ‘ಸ್ವೇತ್!’ ಆಗುತ್ತದೆ. ಮುದ್ದು ಜಾಸ್ತಿಯಾದರೆ ಸ್ವೇತೊಚ್ಕಾ, ಸ್ವೇತಿಕ್. ‘ಸ್ವೇತ್ಕಾ’ ಅಂದರೆ ಸಲಿಗೆ. ಚಿಕ್ಕಂದಿನ ಗೆಳತಿ ಅಂದರೆ ಸರಿ, ಹೊಸದಾಗಿ ಪರಿಚಯವಾದವರು ಅಂದರೆ ಒರಟು. ಶಾಲೆಯ ಟೀಚರನ್ನೋ ಡಾಕ್ಟರನ್ನೋ ಕರೆಯುವಾಗ ಇದಾವುದೂ ನಡೆಯುವುದಿಲ್ಲ. ಅಲ್ಲಿ ತಂದೆಯ ಹೆಸರು ಸೇರಿಸಲೇಬೇಕು. ತಂದೆ ಇವಾನ್ ಆದರೆ ಸ್ವೆತ್ಲಾನಾ ಇವಾನೊವ್ನಾ. ನಮ್ಮಲ್ಲಿ ‘ಮೇಡಂ’, ‘ಅವರೇ’ ಮಾಡುವ ಕೆಲಸವನ್ನು ಅಲ್ಲಿ ತಂದೆಯ ಹೆಸರು ಮಾಡುತ್ತದೆ.

ಭಾರತಕ್ಕೆ ಬಂದ ರಷ್ಯನ್ ಹೆಸರುಗಳನ್ನು ನೋಡಿದರೆ ನಾವು ಈ ಲೆಕ್ಕವನ್ನೆಲ್ಲ ಬದಿಗಿಟ್ಟಿದ್ದು ಕಾಣುತ್ತದೆ. ನತಾಶಾ, ತಾನ್ಯಾ, ಸೋನ್ಯಾ ಎಲ್ಲ ಅಲ್ಲಿ ಮನೆಯೊಳಗಿನ ಕರೆಹೆಸರುಗಳು. ನಮ್ಮಲ್ಲಿ ಅವೇ ಆಧಾರ್ ಕಾರ್ಡಿನ ಹೆಸರುಗಳು. ಸ್ವೇತಾ ಹಾಗೆ ಬರಲಿಲ್ಲ. ಇಲ್ಲಿ ಶ್ವೇತಾಗಳು ಆಗಲೇ ಬೇಕಾದಷ್ಟು ಇದ್ದರು, ಜಾಗ ಖಾಲಿ ಇರಲಿಲ್ಲ ಅಂತ ನನ್ನ ಊಹೆ.

ಗಡಿ ದಾಟಿದರೆ ಹೆಸರಿನ ರೂಪ ಸ್ವಲ್ಪ ಬದಲಾಗುತ್ತದೆ. ಹಳೆಯ ರಷ್ಯನ್ ಲಿಪಿಯಲ್ಲಿ ‘ಯಾತ್’ ಅನ್ನುವ ಅಕ್ಷರವೊಂದಿತ್ತು. ಸ್ವೆತ್ಲಾನಾದ ಮೊದಲ ಸ್ವರವನ್ನು ಅದರಲ್ಲೇ ಬರೆಯುತ್ತಿದ್ದರು. ಆ ಸ್ವರ ರಷ್ಯನ್‌ನಲ್ಲಿ ‘ಎ’ ಆಯಿತು, ಉಕ್ರೇನಿಯನ್‌ನಲ್ಲಿ ‘ಇ’ ಆಯಿತು. ಹಾಗಾಗಿ ಕೀವ್‌ನಲ್ಲಿ ಅವಳು ಸ್ವಿತ್ಲಾನಾ. ಬೆಲಾರುಸಿಯನ್ ಭಾಷೆಯಲ್ಲಿ ಸ್ವ್ಯತ್ಲಾನಾ. ಬಲ್ಗೇರಿಯಾ, ಸರ್ಬಿಯಾದಲ್ಲಿ ರಷ್ಯಾದ ಹಾಗೆಯೇ. 2020ರ ಬೆಲಾರುಸ್ ಚುನಾವಣೆಯಲ್ಲಿ ಅಧ್ಯಕ್ಷ ಲುಕಶೆಂಕೊ ಎದುರು ನಿಂತ ಅಭ್ಯರ್ಥಿಯ ಹೆಸರನ್ನು ಕೆಲವು ಪತ್ರಿಕೆಗಳು ಸ್ವೆತ್ಲಾನಾ ತಿಖಾನೊವ್‌ಸ್ಕಾಯಾ ಅಂತಲೂ, ಕೆಲವು ಸ್ವ್ಯತ್ಲಾನಾ ತ್ಸಿಖಾನೌಸ್ಕಾಯಾ ಅಂತಲೂ ಬರೆದದ್ದು ಇದಕ್ಕೇ. ಒಂದು ರಷ್ಯನ್ ರೂಪ, ಇನ್ನೊಂದು ಬೆಲಾರುಸಿಯನ್. ಯಾವುದನ್ನು ಆರಿಸಿಕೊಳ್ಳುತ್ತೀರಿ ಅನ್ನುವುದರಲ್ಲಿ ರಾಜಕೀಯವೂ ಸೇರಿಕೊಂಡಿದೆ. ಉಕ್ರೇನ್ ಯುದ್ಧ ಶುರುವಾದ ಮೇಲಂತೂ ಜನ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡುತ್ತಾರೆ.

ರಷ್ಯಾದಲ್ಲಿ ಈಗ ಹುಟ್ಟುವ ಹೆಣ್ಣುಮಕ್ಕಳಲ್ಲಿ ಸ್ವೆತ್ಲಾನಾ ಅಪರೂಪ. ಸೋವಿಯತ್ ಒಕ್ಕೂಟ ಮುಗಿಯುವ ಹೊತ್ತಿಗೇ ಅದರ ಇಳಿಗಾಲ ಶುರುವಾಗಿತ್ತು. ಸೋಫಿಯಾ, ಅನಸ್ತಾಸಿಯಾ, ದಾರ್ಯಾ ಮೊದಲಾದ ಹಳೇ ಪಟ್ಟಿಯ ಹೆಸರುಗಳು ಮತ್ತೆ ಮೇಲೆ ಬಂದಿವೆ. ಸ್ವೆತ್ಲಾನಾ ಅಂದರೆ ಈಗಿನ ಮಕ್ಕಳಿಗೆ ಅಮ್ಮನ ಗೆಳತಿ, ಅಜ್ಜಿ, ಗಣಿತದ ಟೀಚರ್. ‘ಲಾನಾ’ ಮಾತ್ರ ತಾಯಿಬೇರಿನಿಂದ ಕಳಚಿಕೊಂಡು, ಸ್ವಂತ ಹೆಸರಾಗಿ ಸ್ಲಾವ್ ನಾಡುಗಳಲ್ಲೂ ಹೊರಗೂ ಜನನ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ.